ಎರಡು ಬೆರಳಷ್ಟು ತೆರೆದ ಗವಾಕ್ಷಿ

ನಮ್ಮ ಬಯಲಿನಲ್ಲಿ ಜನರನ್ನು ಅವರವರ ಗಾಡಿಯಿಂದ ಗುರುತಿಸುವುದು ವಾಡಿಕೆ. "ಹಸಿರು ಪಟ್ಟೆಯವನಿಗೆ ಮಂಡಿನೋವು ಜಾಸ್ತಿಯಾಯ್ತಂತೆ," "ಎರಡು ಸೈಕಲ್ಲಿನ ಬಸ್ಸಿನವರು ಮಾತು ಬಿಟ್ಟಿದಾರಂತೆ" ಎಂದೇ ಸುದ್ದಿ ಹರಡುತ್ತದೆ. ಏಳು ಚಳಿಗಾಲ ಇಲ್ಲಿ ಕಳೆದಿದ್ದರೂ ನಾನು ಇಂದಿಗೂ ಬರೀ 'ತುಕ್ಕು ವ್ಯಾನು'. ಸ್ವಂತ ಹೆಸರಿನಿಂದ ಕರೆಸಿಕೊಳ್ಳುವ ಗೌರವ ಲವಾನ್ ಟಾಲೆಫ್ಸನ್ ಒಬ್ಬಳಿಗೇ ಸಿಕ್ಕಿದೆ. ಹೊಸದಾಗಿ ಬಂದವರು ಮೊದಲ ಬೆಳಗ್ಗೆ ಮೂಗು ಕೆಂಪಗೆ ಮಾಡಿಕೊಂಡು, ಕೈ ಉಜ್ಜುತ್ತ, "ಇಲ್ಲಿ ರಾತ್ರಿ ಹೇಗ್ರೀ ಬದುಕ್ತೀರಿ?" ಎಂದು ಕೇಳಿದರೆ ನಾವೆಲ್ಲ ಒಂದೇ ಉತ್ತರ ಕೊಡುತ್ತೇವೆ: "ಲವಾನ್‌ನ ಕೇಳಿ."

ನ್ಯೂ ಮೆಕ್ಸಿಕೋದ ತೆಂಕಣ ಅಂಚಿನ ಈ ಸರ್ಕಾರಿ ಬಯಲಿನಲ್ಲಿ ಕರೆಂಟು ಕಂಬವಿಲ್ಲ, ನಲ್ಲಿಯಿಲ್ಲ, ಚರಂಡಿಯಿಲ್ಲ. ಆದ್ದರಿಂದ ಬಾಡಿಗೆಯೂ ಇಲ್ಲ. ಹಗಲೆಲ್ಲ ಅಂಗಿಯ ತೋಳು ಮಡಚುವಷ್ಟು ಬಿಸಿಲು. ಸೂರ್ಯ ಗುಡ್ಡದ ಹಿಂದೆ ಇಳಿದ ಅರ್ಧ ಗಂಟೆಗೆಲ್ಲ ಬಕೆಟ್ಟಿನ ನೀರು ಗಂಭೀರವಾಗುತ್ತದೆ; ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದೆ. ಹೀಗಿದ್ದೂ ನವೆಂಬರಿನಿಂದ ಮಾರ್ಚಿನವರೆಗೆ ಒಳಗೇ ಒಲೆ, ಹಾಸಿಗೆ ಇರುವ ನಲವತ್ತು ಐವತ್ತು ಮನೆಗಾಡಿಗಳು ಇಲ್ಲಿ ಬೀಡುಬಿಡುತ್ತವೆ. ಯಾಕೆ ಅಂದರೆ, ನಾವು ಬಿಟ್ಟುಬಂದ ಊರುಗಳಲ್ಲಿ ಬಕೆಟ್ಟೂ ಕಾಣದ ಹಾಗೆ ಹಿಮ ಬಿದ್ದಿರುತ್ತದೆ.

ಲವಾನ್‌ಳದು ಕಾರಿನ ಹಿಂದೆ ಕಟ್ಟಿ ಎಳೆಯುವ, ಹತ್ತೊಂಬತ್ತಡಿ ಉದ್ದದ, ನಲವತ್ತು ವರ್ಷ ದಾಟಿದ ಮನೆಗಾಡಿ. ದೂರದಿಂದ ಯಾರೋ ಮರೆತು ಬಿಟ್ಟುಹೋದ ಬ್ರೆಡ್ಡಿನ ಹಾಗೆ ಕಾಣುತ್ತದೆ. ಅವಳಿಗೆ ಎಪ್ಪತ್ತೊಂದು. ಉತ್ತರ ಡಕೋಟಾದ ಒಂದು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ಮುನ್ನೂರ ನಲವತ್ತು ಮಕ್ಕಳಿಗೆ ಬಡಿಸಿದವಳು. ಈಗಲೂ ಒಬ್ಬಳಿಗೆಂದು ಅಡುಗೆ ಮಾಡಲು ಬರುವುದಿಲ್ಲ. ಅದರ ಲಾಭ ನಮಗೆ. ಗಂಡ ಹಾರ್ಲನ್ ಟ್ರ್ಯಾಕ್ಟರ್ ರಿಪೇರಿಯವನು. ನಿವೃತ್ತಿಯಾದ ಮೇಲೆ ತಿರುಗಾಡೋಣವೆಂದು ಗಾಡಿ ಕೊಂಡ; ಒಂದೇ ಚಳಿಗಾಲ ತಿರುಗಿ ತೀರಿಕೊಂಡ. ಗಾಡಿ ಮಾರಿಬಿಡು ಎಂದು ಬಂಧುಗಳೆಲ್ಲ ಹೇಳಿದರು. ಅವಳು ಮಾರಿದ್ದು ಮನೆಯನ್ನು.

"ಹಾರ್ಲನ್ ಇಲ್ಲದ ಮನೆ ಬಹಳ ದೊಡ್ಡದಾಗಿತ್ತು ಕಣೋ," ಎಂದು ಒಮ್ಮೆ ನನಗೆ ಹೇಳಿದಳು. "ಹತ್ತೊಂಬತ್ತಡೀನ ನಾನೊಬ್ಳೇ ತುಂಬ್ತೀನಿ." ಸೊಂಟದ ಸುತ್ತಳತೆಯನ್ನು ಎರಡೂ ಕೈಯಿಂದ ತೋರಿಸಿ, ನಾನು ಎಲ್ಲಿ ಅಳುತ್ತೇನೋ ಎಂದು ನಕ್ಕಳು.

ಬೆಚ್ಚಗಿರುವ ಅವಳ ವಿಧಾನ ನೋಡಿದರೆ ಅದರಲ್ಲಿ ವಿದ್ಯೆಯೆನ್ನುವಂಥದ್ದು ಏನೂ ಕಾಣುವುದಿಲ್ಲ. ಗಾಡಿ ನಿಲ್ಲಿಸುವಾಗ ದೊಡ್ಡ ಕಿಟಕಿ ದಕ್ಷಿಣಕ್ಕೆ, ಬಾಗಿಲು ಗಾಳಿಗೆ ಬೆನ್ನು ಮಾಡಿ. ನೆಲಕ್ಕೆ ಯಾವುದೋ ಹೋಟೆಲಿನವರು ಎಸೆದ ರತ್ನಗಂಬಳಿಯ ತುಂಡುಗಳು. ಸಂಜೆ ನಾಲ್ಕೂವರೆಗೆ, ಬಿಸಿಲು ಇನ್ನೂ ಗಾಜಿನ ಮೇಲೆ ಇರುವಾಗಲೇ, ಕಿಟಕಿಗಳಿಗೆ ಬೆಳ್ಳಿಹಾಳೆ ಅಂಟಿಸಿದ ರಟ್ಟು. ಗಾಡಿಯ ನಡುವೆ ದಪ್ಪ ಪರದೆ: "ಅರ್ಧ ಗಾಡಿ ಕಾಯಿಸಿದ್ರೆ ಸಾಕು, ಇನ್ನರ್ಧದಲ್ಲಿ ನಾನಿಲ್ವಲ್ಲ." ಸಂಜೆ ಬೀನ್ಸ್ ಕಾಳಿನ ದೊಡ್ಡ ಪಾತ್ರೆ ಒಲೆಯ ಮೇಲೆ, ಹೊಟ್ಟೆಗೂ ಆಯಿತು, ಗಾಡಿಗೂ ಆಯಿತು. ಕರೆಂಟು ಬೇಡದ ಪುಟ್ಟ ಗ್ಯಾಸ್ ಹೀಟರ್ ಎರಡು ಗಂಟೆ. ಮಲಗುವ ಮುಂಚೆ ಅದು ಬಂದ್. ಅಷ್ಟರಲ್ಲಿ ಕೌದಿಯೊಳಗೆ ಬಿಸಿನೀರಿನ ಚೀಲ ಮಲಗಿ ಹಾಸಿಗೆಯನ್ನು ಕಾಯಿಸಿರುತ್ತದೆ. ತಲೆಗೆ ಉಣ್ಣೆಯ ಟೋಪಿ.

ಇಷ್ಟೆಲ್ಲ ಮಾಡಿ, ಕೊನೆಗೆ, ಹಾಸಿಗೆಯ ನೇರಕ್ಕೆ ಸೂರಿನಲ್ಲಿರುವ ಗವಾಕ್ಷಿಯ ಮುಚ್ಚಳವನ್ನು ಎರಡು ಬೆರಳಷ್ಟು ತೆರೆದಿಡುತ್ತಾಳೆ. ಹಿಮ ಬೀಳಲಿ, ಗಾಳಿ ಬೊಬ್ಬೆ ಹೊಡೆಯಲಿ, ಎರಡು ಬೆರಳು. ಹೊಸಬರು ಇದನ್ನು ನೋಡಿ ದಂಗಾಗುತ್ತಾರೆ. "ಗಾಡೀಗೂ ಉಸಿರು ಬೇಕಲ್ವಾ," ಎನ್ನುತ್ತಾಳೆ. ಅದಕ್ಕಿಂತ ಹೆಚ್ಚಿಗೆ ವಿವರಿಸುವುದಿಲ್ಲ.

ವಿವರಿಸುವ ಇಲಾಖೆಯನ್ನು ನಮ್ಮ ಬಯಲಿನಲ್ಲಿ ವೆಂಡೆಲ್ ಹಾಫ್ಕಿ ವಹಿಸಿಕೊಂಡಿದ್ದಾನೆ. ಯಾರೂ ವಹಿಸಿಲ್ಲ, ತಾನೇ ವಹಿಸಿಕೊಂಡದ್ದು. ನಲವತ್ತಡಿಯ ಬಸ್ಸಿನಂಥ ಮನೆಗಾಡಿ, ಸೂರಿನ ತುಂಬ ಸೋಲಾರ್ ಹಲಗೆಗಳು, ಏಳು ಕಡೆ ಏಳು ಥರ್ಮಾಮೀಟರು, ಏಳರ ಅಂಕಿಯೂ ಅವನ ಫೋನಿಗೆ ಬರುತ್ತದೆ. ಪ್ರತಿದಿನ ಸಂಜೆ ನಾಲ್ಕಕ್ಕೆ ನಾವೆಲ್ಲ ಮಡಚುವ ಕುರ್ಚಿ ಹಿಡಿದು ಬೆಂಕಿಯ ಸುತ್ತ ಕೂರುವುದು ಇಲ್ಲಿನ ನಿಯಮ. ಆಗ ವೆಂಡೆಲ್ ಹಿಂದಿನ ರಾತ್ರಿಯ ಅಂಕಿಗಳನ್ನು, ಚುನಾವಣೆಯ ಫಲಿತಾಂಶ ಓದುವವನ ಗತ್ತಿನಲ್ಲಿ, ಓದುತ್ತಾನೆ. ನಾವು ಬಿಯರ್ ಕುಡಿಯುತ್ತ ತಲೆಯಾಡಿಸುತ್ತೇವೆ. ಅವನ ಹೆಂಡತಿ ನೋರೀನ್ ಹೆಣಿಗೆ ಹಾಕುತ್ತ ಏನೂ ಹೇಳುವುದಿಲ್ಲ. ನಲವತ್ತಾರು ವರ್ಷದಿಂದ ಅವಳು ಹೇಳುವುದನ್ನೆಲ್ಲ ಉಳಿಸಿಡುತ್ತಿದ್ದಾಳೆ ಎಂದು ನನಗೆ ಅನುಮಾನವಿತ್ತು.

ಇನ್ನು ಆ ಜನವರಿಯ ವಿಷಯ.

ಹಿಂದಿನ ವರ್ಷ ಲವಾನ್‌ಗೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಅವಳ ಪ್ರಕಾರ ರೋಗ ಹತ್ತಿದ್ದು ಉತ್ತರ ಡಕೋಟಾದ ಬಿಸ್ಮಾರ್ಕ್‌ನಲ್ಲಿ, ಅಕ್ಕನ ಮಗಳ ಮದುವೆಯಲ್ಲಿ, ಹೀಟರು ಧಗಧಗಿಸುತ್ತಿದ್ದ ಛತ್ರದಲ್ಲಿ, ಕೆಮ್ಮುತ್ತಿದ್ದ ವರನ ಚಿಕ್ಕಪ್ಪನ ಪಕ್ಕ ಕೂತು. ಅಕ್ಕನ ಪ್ರಕಾರ ಅದು ಹತ್ತಿದ್ದು ಈ ಗಾಡಿಯಲ್ಲಿ. ಅಕ್ಕನ ಹೆಸರು ಆರ್ಡಿಸ್. ವಿಮಾನ ಹತ್ತಿ ಬಂದು ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತ ಆ ಅಕ್ಕ, ತಂಗಿಗೆ ಮಾತಾಡಲು ಉಸಿರಿಲ್ಲದ ಸಮಯ ನೋಡಿ, ಒಂದು ಮಾತು ತೆಗೆದುಕೊಂಡಳು: ಬರುವ ಜನವರಿಯಲ್ಲಿ ತಾನು ಬಂದು ಗಾಡಿಯಲ್ಲಿ ಮೂರು ರಾತ್ರಿ ಮಲಗುವುದು, ಮೂರರಲ್ಲಿ ಒಂದು ದಿನವಾದರೂ ತನಗೆ ಚಳಿಯಾದರೆ ಲವಾನ್ ಗಾಡಿ ಮಾರಿ, ಬಿಸ್ಮಾರ್ಕ್‌ಗೆ ಬಂದು, ತನ್ನ ಮನೆಯ ನೆಲಮಾಳಿಗೆಯ ಕೋಣೆಯಲ್ಲಿ ಇರುವುದು. ಆಗದಿದ್ದರೆ ಇನ್ನು ಆ ವಿಷಯ ಎತ್ತುವುದಿಲ್ಲ. ಲವಾನ್ ತಲೆಯಾಡಿಸಿದಳು. ಕೊಟ್ಟ ಮಾತು ತಪ್ಪುವವಳಲ್ಲ. ಅದೇ ನಮ್ಮೆಲ್ಲರ ಹೆದರಿಕೆ.

ಯಾಕೆಂದರೆ ಆರ್ಡಿಸ್ ಅಂತಿಂಥ ಅಕ್ಕನಲ್ಲ. ಮೂವತ್ತೊಂದು ವರ್ಷ ಜಿಲ್ಲೆಯ ಆರೋಗ್ಯ ತಪಾಸಕಿಯಾಗಿ ಅಡುಗೆಮನೆಗಳನ್ನು ತಪಾಸಣೆ ಮಾಡಿದವಳು. ಒಮ್ಮೆ ತಂಗಿಯದೇ ಶಾಲೆಯ ಅಡುಗೆಮನೆಗೆ ಹೋಗಿ, ಸೌಟು ಬಿರುಕು ಬಿಟ್ಟಿದೆ ಎಂದು ಬರೆದು, ಅದರ ಪ್ರತಿಯನ್ನು ತಂಗಿಯ ಕೈಗೇ ಕೊಟ್ಟು, ಸಹಿ ಹಾಕಿಸಿಕೊಂಡು, ಸಂಜೆ ಅವಳ ಮನೆಗೆ ಹುಟ್ಟುಹಬ್ಬದ ಕೇಕ್ ತಗೊಂಡು ಹೋದವಳು.

ಬಂದಳು. ತೆಳ್ಳಗೆ, ನೆಟ್ಟಗೆ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ನೋಟ್‌ಬುಕ್ಕು. ಗಾಡಿಯ ಮುಂದೆ ನಿಂತು ಅದರ ಉದ್ದವನ್ನು ಕಣ್ಣಲ್ಲೇ ಅಳೆದಳು.

"ವಾನೀ," ಎಂದು ತಂಗಿಯನ್ನು ಕರೆದಳು, "ಇದು ನಾನು ನೆನಸಿದ್ದಕ್ಕಿಂತ ಚಿಕ್ಕದು."

"ನೀನೂ ಅಷ್ಟೇ ಕಣೇ, ಹೋದ್ಸಲಕ್ಕಿಂತ ಕುಗ್ಗಿದೀಯ. ಒಳಗ್ಬಾ, ತಲೆ ಬಗ್ಗಿಸು."

ಆರ್ಡಿಸ್ ತಲೆ ಬಗ್ಗಿಸಲಿಲ್ಲ. ಬಾಗಿಲ ಚೌಕಟ್ಟಿನ ಬಗ್ಗೆ ಮೊದಲ ಟಿಪ್ಪಣಿ ಆಗಲೇ ಆಯಿತು.

ನಾಲ್ಕಕ್ಕೆ ಬೆಂಕಿಯ ಹತ್ತಿರ ಅವಳಿಗೆ ಒಳ್ಳೆಯ ಕುರ್ಚಿ ಕೊಟ್ಟೆವು. ಲವಾನ್‌ಗೆ ಅನುಕೂಲವಾಗಲಿ ಎಂದು ಹಸಿರು ಪಟ್ಟೆಯವನು, ಈ ವರ್ಷ ಚಳಿಯೇ ಇಲ್ಲ, ನಾನಂತೂ ಬನಿಯನ್ನಿನಲ್ಲೇ ಮಲಗ್ತೀನಿ ಎಂದು ಹಲ್ಲು ಕಟಕಟಿಸುತ್ತ ಹೇಳಿದ. ವೆಂಡೆಲ್‌ಗೆ ಇಂಥ ಸಣ್ಣತನವಿಲ್ಲ. ಅವನಿಗೆ ಹೊಸ ಶ್ರೋತೃ ಸಿಕ್ಕಿದ್ದಳು, ಅದೂ ನೋಟ್‌ಬುಕ್ಕು ಇಟ್ಟುಕೊಂಡವಳು.

"ಮೇಡಂ, ಶಾಖದ ಸ್ವಭಾವ ಏನು? ಮೇಲಕ್ಕೆ ಹೋಗೋದು," ಎಂದು ಕಡ್ಡಿಯಿಂದ ಮರಳಿನಲ್ಲಿ ಗಾಡಿಯ ಚಿತ್ರ ಬರೆದ. "ಮೇಲೆ ತೂತಿದ್ರೆ ಏನಾಗುತ್ತೆ? ನೀವು ಇಡೀ ನ್ಯೂ ಮೆಕ್ಸಿಕೋನ ಕಾಯಿಸ್ತಾ ಇರ್ತೀರಿ. ನನ್ನ ಗಾಡೀಲಿ ಒಂದು ಸೊಳ್ಳೆ ಹೋಗೋಷ್ಟು ಸಂದಿ ಇಲ್ಲ. ಎಲ್ಲಾ ಸೀಲ್. ಪ್ಲಾಸ್ಟಿಕ್ಕು, ಅದರ ಮೇಲೆ ಬೆಳ್ಳಿಹಾಳೆ, ಅದರ ಮೇಲೆ ಟೇಪು."

"ನಮ್ಮ ವಾನಿ ಗವಾಕ್ಷಿ ತೆರೆದಿಡ್ತಾಳೆ," ಎಂದಳು ಆರ್ಡಿಸ್.

ವೆಂಡೆಲ್ ಲವಾನ್‌ಳ ಕಡೆ, ಔಷಧಿ ಬೇಡವೆನ್ನುವ ರೋಗಿಯನ್ನು ವೈದ್ಯ ನೋಡುವಂತೆ, ನೋಡಿದ. "ಒಂಬತ್ತು ವರ್ಷದಿಂದ ಹೇಳ್ತಿದೀನಿ."

"ಒಂಬತ್ತು ವರ್ಷದಿಂದ ಕೇಳ್ತಿದೀನಿ," ಎಂದಳು ಲವಾನ್. "ಇನ್ನೊಂದು ಬಟ್ಟಲು ಬೀನ್ಸ್ ಹಾಕ್ಲಾ?"

ಮೊದಲ ರಾತ್ರಿ ಸುಸೂತ್ರ ಕಳೆಯಿತು. ಹಿಂಬದಿಯ ಹಾಸಿಗೆಯನ್ನು ಅಕ್ಕನಿಗೆ ಬಿಟ್ಟು, ಲವಾನ್ ಪರದೆಯ ಈಚೆ, ಊಟದ ಮೇಜನ್ನು ಇಳಿಸಿ ಮಾಡುವ ಹಾಸಿಗೆಯಲ್ಲಿ ಮಲಗಿದ್ದಳು. ಬೆಳಗ್ಗೆ ನಾವು ಹತ್ತು ಹೆಜ್ಜೆ ದೂರದಲ್ಲಿ ನಿಂತು ಕೂಗಿದೆವು. (ಇಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ, ಬಡಿದರೆ ಒಳಗಿನ ಕಾಫಿ ಚೆಲ್ಲುತ್ತದೆ.) ಆರ್ಡಿಸ್ ಹೊರಗೆ ಬಂದು ನೋಟ್‌ಬುಕ್ಕು ನೋಡಿ ಓದಿದಳು: "ಕಾಲು ಬೆಚ್ಚಗಿತ್ತು. ಬೆನ್ನು ಬೆಚ್ಚಗಿತ್ತು. ಮೂಗು ತಣ್ಣಗಿತ್ತು."

"ಮೂಗು ಲೆಕ್ಕಕ್ಕಿಲ್ಲ!" ಲವಾನ್ ಒಳಗಿನಿಂದಲೇ ಕೂಗಿದಳು. "ಮೂಗು ಕೌದಿಯಿಂದ ಹೊರಗಿರುತ್ತೆ. ಅದು ಹೊರಾಂಗಣ."

"ಮೂಗು ನನ್ನದು ವಾನೀ. ನಾನು ಎಲ್ಲಿದೀನೋ ಅದೂ ಅಲ್ಲೇ ಇರುತ್ತೆ."

ಆ ದಿನ ಮಧ್ಯಾಹ್ನದವರೆಗೂ ಇಡೀ ಬಯಲು ಮೂಗಿನ ವಿಚಾರದಲ್ಲಿ ಇಬ್ಭಾಗವಾಗಿತ್ತು. ಎರಡು ಸೈಕಲ್ಲಿನ ಗಂಡ ಹೆಂಡತಿ ಇದಕ್ಕೋಸ್ಕರ ಮೌನ ಮುರಿದು, ಎರಡು ಪಕ್ಷ ಹಿಡಿದು, ಮತ್ತೆ ಮಾತು ಬಿಟ್ಟರು. ಕೊನೆಗೆ ಆರ್ಡಿಸ್ ತಾನೇ ಒಂದು ತೀರ್ಮಾನಕ್ಕೆ ಬಂದು ಹೇಳಿದಳು: ಮೂಗು ತಣ್ಣಗಿತ್ತು ನಿಜ, ಆದರೆ ತನಗೆ 'ಚಳಿ' ಆಗಲಿಲ್ಲ. ಆ ಪದವನ್ನು ತಾನು ಬರೆದಿಲ್ಲ. ಮೊದಲ ರಾತ್ರಿ ಪಾಸು.

ಎರಡನೆಯ ಸಂಜೆ ಉತ್ತರದಿಂದ ಗಾಳಿ ಬಂತು. ರೇಡಿಯೋದವನು ಈ ಚಳಿಗಾಲದ ಅತಿ ಕೆಟ್ಟ ರಾತ್ರಿ ಎಂದ. ನಾಲ್ಕಕ್ಕೆ ಕೂತವರು ನಾಲ್ಕೂಕಾಲಿಗೇ ಎದ್ದುಹೋದೆವು. ಲವಾನ್ ಎಂದಿಗಿಂತ ಹೆಚ್ಚು ಹೊತ್ತು ಬೀನ್ಸ್ ಬೇಯಿಸಿದಳು, ಕೆಟಲ್ಲಿನಲ್ಲಿ ಎರಡು ಸಲ ನೀರು ಕುದಿಸಿ ಅಕ್ಕನಿಗೆ ಒಂದಲ್ಲ, ಎರಡು ಚೀಲ ತುಂಬಿದಳು. ಗವಾಕ್ಷಿಯ ತಿರುಪನ್ನು ಎರಡು ಬೆರಳಿಗೆ ತಿರುಗಿಸಿ, ಒಂದು ಡಬ್ಬಿ ಬೀನ್ಸ್ ನನಗೆ ಕೊಡಲು ಐದು ನಿಮಿಷ ಹೊರಗೆ ಬಂದಳು. ನನ್ನ ವ್ಯಾನಿನ ಬಾಗಿಲಲ್ಲಿ ನಿಂತು, "ಇವತ್ತೊಂದು ದಾಟಿದ್ರೆ ನಾನು ಗೆದ್ದ ಹಾಗೇ ಕಣೋ," ಎಂದಳು. ಟಾರ್ಚಿನ ಬೆಳಕಲ್ಲಿ ಅವಳ ಮುಖ ಪರೀಕ್ಷೆಗೆ ಹೋಗುವ ಹುಡುಗಿಯ ಮುಖದ ಹಾಗಿತ್ತು. ಆಗ ನನಗೆ ತಿಳಿಯಿತು, ಅವಳು ಈವರೆಗೆ ನಗುತ್ತಿದ್ದದ್ದು ಎಷ್ಟು ಕಷ್ಟಪಟ್ಟು ಎಂದು.

ಬೆಳಗ್ಗೆ ನಾವು ಕೂಗುವ ಮುಂಚೆಯೇ ಬಾಗಿಲು ತೆರೆಯಿತು. ಆರ್ಡಿಸ್ ಕಂಬಳಿ ಹೊದ್ದು ಬಿಸಿಲಿಗೆ ಬಂದು ನಿಂತಳು. ಕೂದಲು ಹಣೆಗೆ ಅಂಟಿಕೊಂಡಿತ್ತು. ಕನ್ನಡಕದ ಮೇಲೆ ಮಂಜು.

"ಮಳೆ ಬಂತು," ಎಂದಳು.

ನಾವು ಆಕಾಶ ನೋಡಿದೆವು. ಅಕ್ಟೋಬರಿನಿಂದ ಒಂದು ಹನಿ ಬಿದ್ದಿರಲಿಲ್ಲ.

"ಹೊರಗಲ್ಲ. ಒಳಗೆ. ಬೆಳಗಿನ ಜಾವ ಹಣೆ ಮೇಲೆ ಟಪ್ ಅಂತ ಒಂದು. ಪಕ್ಕಕ್ಕೆ ತಿರುಗಿದೆ, ಕಿವಿಯೊಳಗೆ ಟಪ್. ಕೌದಿ ಒದ್ದೆ, ದಿಂಬು ಒದ್ದೆ, ಗೋಡೆ ಮುಟ್ಟಿದ್ರೆ ಕೈ ಒದ್ದೆ." ಅವಳು ನಡುಗುತ್ತಿದ್ದಳು. ಹಿಂದೆ ಬಾಗಿಲಲ್ಲಿ ಲವಾನ್ ನಿಂತಿದ್ದಳು. ಆರ್ಡಿಸ್ ಅವಳ ಕಡೆ ತಿರುಗಿ, ಬಹಳ ಮೆಲ್ಲಗೆ, "ವಾನೀ, ನನಗೆ ಚಳಿ ಆಯ್ತು ಕಣೇ," ಎಂದಳು.

ಲವಾನ್ ವಾದಿಸುತ್ತಾಳೆ ಎಂದುಕೊಂಡೆ. ವಾದಿಸಲಿಲ್ಲ. ಒಳಗೆ ಹೋಗಿ ಒಣ ಸ್ವೆಟರ್ ತಂದು ಅಕ್ಕನಿಗೆ ತೊಡಿಸಿದಳು, ಕುರ್ಚಿಯಲ್ಲಿ ಕೂರಿಸಿ ಕಾಫಿ ಕೈಗಿಟ್ಟಳು, ಒದ್ದೆ ಕೌದಿಯನ್ನು ಹಗ್ಗಕ್ಕೆ ಹಾಕಿದಳು. ಆಮೇಲೆ ಗಾಡಿಯ ಪಕ್ಕ ನಿಂತು ಅದರ ತಗಡನ್ನು ಅಂಗೈಯಿಂದ ಒಮ್ಮೆ ಸವರಿ, "ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ಸೋರಿರ್ಲಿಲ್ಲ," ಎಂದಳು. "ಪಾಪ, ಇದಕ್ಕೂ ವಯಸ್ಸಾಯ್ತು. ಮಾತು ಅಂದ್ರೆ ಮಾತು. ಮಾರೋಕೆ ಬೋರ್ಡು ಬರೀಬೇಕು. ಯಾರ ಹತ್ರ ಕೆಂಪು ಬಣ್ಣ ಇದೆ?"

ಯಾರ ಹತ್ತಿರವೂ ಇರಲಿಲ್ಲ. ನನ್ನ ವ್ಯಾನಿನಲ್ಲಿ ಒಂದು ಡಬ್ಬಿ ಇತ್ತು. ಅದನ್ನು ಕಾಲಲ್ಲಿ ಸೀಟಿನ ಕೆಳಕ್ಕೆ ತಳ್ಳಿದೆ.

ಸೋರಿಕೆ ಎಂಬ ಪದ ಕಿವಿಗೆ ಬಿದ್ದೊಡನೆ ವೆಂಡೆಲ್ ಏಣಿ ಹೊತ್ತುಕೊಂಡು ಬಂದ, ಹಿಂದೆಯೇ ಹೆಣಿಗೆ ಹಿಡಿದ ನೋರೀನ್. ಸೊಂಟಕ್ಕೆ ಪಟ್ಟಿ, ಪಟ್ಟಿಯಲ್ಲಿ ಬಿಳಿ ಅಂಟಿನ ನಾಲ್ಕು ಕೊಳವೆ. ಮನೆಗಾಡಿಯವರಿಗೆಲ್ಲ ಇರುವ ರೋಗ ಇದು: ಒಳಗೆ ಒಂದು ಹನಿ ಬಿದ್ದರೆ ಸಾಕು, ಸೂರು ಹತ್ತುತ್ತೇವೆ. ಮೂರು ತಿಂಗಳಿಂದ ಮಳೆಯಿಲ್ಲದ ಬಯಲಿನಲ್ಲಿ ಮಳೆ ಎಲ್ಲಿಂದ ನುಗ್ಗಿತು ಎಂದು ಹುಡುಕಲು, ಆ ಬೆಳಗ್ಗೆ, ನಾನೂ ಸೇರಿ ನಾಲ್ವರು ಬುದ್ಧಿವಂತರು ಏಣಿಯ ಸುತ್ತ ನಿಂತಿದ್ದೆವು. ಯಾರಿಗೂ ಅನುಮಾನ ಬರಲಿಲ್ಲ.

"ಗಾಬರಿಯಾಗ್ಬೇಡ ಲವಾನ್," ಎಂದ ವೆಂಡೆಲ್ ಸೂರಿನ ಮೇಲಿಂದ. "ಸೋರಿಕೆ ಬಗ್ಗೆ ನನಗಿಂತ ಚೆನ್ನಾಗಿ ತಿಳಿದೋರು ಈ ರಾಜ್ಯದಲ್ಲಿ ಇಲ್ಲ. ನಮ್ಮ ಗಾಡಿಗೇ ಹನ್ನೊಂದು ಕೊಳವೆ ಅಂಟು ಹಾಕಿದೀನಿ."

"ಹನ್ನೊಂದಾ?" ಎಂದಳು ಲವಾನ್. "ನಿಮ್ಮದೂ ಸೋರುತ್ತಾ?"

ಆಗ ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು.

"ಸೋರುತ್ತೆ," ಎಂದಳು ನೋರೀನ್. ಅವಳ ಧ್ವನಿಯನ್ನು ಅಷ್ಟು ಸ್ಪಷ್ಟವಾಗಿ ನಾವು ಕೇಳಿದ್ದು ಅದೇ ಮೊದಲು. "ದಿನಾ ಬೆಳಗಿನ ಜಾವ. ಮೊದಲು ಹಣೆ, ಆಮೇಲೆ ಕಿವಿ. ಆರು ವರ್ಷದಿಂದ ನಾನು ಸ್ನಾನದ ಪ್ಲಾಸ್ಟಿಕ್ ಟೋಪಿ ಹಾಕ್ಕೊಂಡು ಮಲಗ್ತಿದೀನಿ."

ಸೂರಿನ ಮೇಲೆ ವೆಂಡೆಲ್ ಕೆಮ್ಮಿದ. "ಅದು ಸಣ್ಣ ಸಮಸ್ಯೆ ನೋರೀನ್. ಜಾಗ ಪತ್ತೆ ಆಗ್ತಿಲ್ಲ ಅಷ್ಟೆ."

"ಮಳೆಗಾಲದಲ್ಲಿ ಸೋರುತ್ತಾ?" ಲವಾನ್ ನೋರೀನಳ ಹತ್ತಿರ ಹೋಗಿ ಕೇಳಿದಳು.

ನೋರೀನ್ ಯೋಚಿಸಿದಳು. "ಇಲ್ಲ. ಮಳೆಗಾಲದಲ್ಲಿ ಕಿಟಕಿ ತೆರೆದಿರುತ್ತಲ್ಲ. ಒಂದು ಹನಿಯಿಲ್ಲ."

"ಅಯ್ಯೋ ನನ್ನ ತಾಯಿ, ಅದು ಸೋರಿಕೆಯಲ್ಲ! ನೀವು ಬಿಟ್ಟ ಉಸಿರೇ ಅದು. ಅನ್ನ ಬೇಯಿಸಿದ ಹಬೆ, ಗ್ಯಾಸು ಉರಿದಾಗ ಬರೋ ಹಸಿ, ರಾತ್ರಿಯೆಲ್ಲ ಬಿಟ್ಟ ಉಸಿರು, ಎಲ್ಲಾ ಎಲ್ಲಿಗೆ ಹೋಗ್ಬೇಕು? ತಣ್ಣಗಿರೋ ಸೂರಿಗೆ ಹೋಗಿ ಮೆತ್ಕೊಂಡು ಹನಿಯಾಗಿ ವಾಪಸ್ಸು ನಿಮ್ಮ ಮೇಲೇ ಬೀಳುತ್ತೆ. ಒದ್ದೆಯಾದ ಮೇಲೆ ಏಳು ಹೀಟರ್ ಇದ್ರೂ ಚಳಿಯೇ. ಶಾಲೆ ಅಡುಗೆಮನೇಲಿ ಹಬೆ ಹೊರಗೆ ಕಳಿಸೋ ಫ್ಯಾನು ಒಂದಿನ ಕೆಟ್ಟಿದ್ದಕ್ಕೆ ಮುನ್ನೂರು ಬ್ರೆಡ್ಡು ಒದ್ದೆಯಾಗಿತ್ತು. ಅದಕ್ಕೇ ಅಲ್ವಾ ನಾನು ಗವಾಕ್ಷಿ ತೆರೆದು..."

ಅವಳ ಮಾತು ಅಲ್ಲಿಗೇ ನಿಂತಿತು. ಬಾಯಿ ತೆರೆದೇ ಇತ್ತು.

"ಗವಾಕ್ಷಿ ತೆರೆದೇ ಇದೆ," ಎಂದ ವೆಂಡೆಲ್ ಮೇಲಿಂದ. "ಎರಡು ಬೆರಳು. ನಾನು ಹೇಳ್ಲಿಲ್ವಾ, ತಪ್ಪೆಲ್ಲ ಇದರದ್ದೇ. ಇರಿ, ಇದರೊಳಗೆ ಏನೋ ಬೆಳ್ಳಗೆ ಕಾಣ್ತಿದೆ. ಇಲಿ! ಇಲಿ ಗೂಡು ಕಟ್ಟಿದೆ! ಯಾರಾದ್ರೂ ಕೈಗವಸು ಕೊಡಿ!"

ಲವಾನ್ ಆಗಲೇ ಗಾಡಿಯೊಳಗಿದ್ದಳು. ಪರದೆ ಸರಿದ ಸದ್ದು, ಹಾಸಿಗೆ ಹತ್ತಿದ ಸದ್ದು, ಗಾಡಿ ಒಮ್ಮೆ ತೂಗಿತು. "ಇಲಿ ಒಳಕ್ಕೆ ಹೋಯ್ತು! ಎಳೀತಿದೆ!" ಎಂದು ಮೇಲಿಂದ ವೆಂಡೆಲ್ ಕಿರುಚಿದ. ಲವಾನ್ ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಬಿಳಿಯ ಟವೆಲ್ ಇತ್ತು, ನೀರು ಕುಡಿದು ಭಾರವಾಗಿ ತೊಟ್ಟಿಕ್ಕುತ್ತಿತ್ತು. ಅಂಚಿನಲ್ಲಿ ನೀಲಿ ದಾರದಿಂದ ನೀಟಾಗಿ 'ಆ' ಎಂದು ಕಸೂತಿ ಇತ್ತು.

ಅದನ್ನು ಅಕ್ಕನ ಮಡಿಲಿನಲ್ಲಿ ಇಟ್ಟಳು.

ಆರ್ಡಿಸ್ ಬಹಳ ಹೊತ್ತು ಟವೆಲನ್ನೇ ನೋಡಿದಳು. ಮೂವತ್ತೊಂದು ವರ್ಷ ಇನ್ನೊಬ್ಬರ ಸೌಟುಗಳನ್ನು ನೋಡಿದ ಕಣ್ಣು ಅದು. ಆಮೇಲೆ ನೋಟ್‌ಬುಕ್ಕು ತೆರೆದು, ಪೆನ್ನು ತೆಗೆದು, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದಳು: "ತಪಾಸಣೆಗೆ ಬಂದವರು ತಪಾಸಣೆಯ ವಸ್ತುವನ್ನು ಮುಟ್ಟಿದ್ದಾರೆ. ಎರಡನೆಯ ರಾತ್ರಿ ಅಸಿಂಧು."

"ಯಾಕೆ ಆರ್ಡಿ? ನನ್ನ ಸೋಲಿಸೋಕೆ ಇಷ್ಟೊಂದು...?" ಲವಾನ್ ಟವೆಲಿನ ಕಡೆ ಕೈ ತೋರಿಸಿದಳು.

"ಸೋಲಿಸೋಕಾ?" ಆರ್ಡಿಸ್ ಎದ್ದು ನಿಂತಳು; ಕಂಬಳಿ ಬಿತ್ತು. "ನೀನು ಬೀನ್ಸ್ ಕೊಡೋಕೆ ಹೊರಗೆ ಹೋದಾಗ ಹಾಸಿಗೆ ಮೇಲೆ ನಿಂತು ತುರುಕಿದ್ದು ನಾನು, ಹೌದು. ಗಾಳಿ ಅಷ್ಟು ಜೋರಾಗಿತ್ತು. ಎಲ್ಲಿ ನಂಗೆ ಚಳಿ ಆಗಿ, ನಿಜ ಹೇಳ್ಬೇಕಾಗಿ ಬಂದು, ನೀನು ಸೋತ್ಬಿಡ್ತೀಯೋ ಅಂತ ತುರುಕಿದೆ! ನಿನ್ನ ಪಾಸು ಮಾಡಿಸೋಕೆ ಕಣೇ ಮೊದ್ದೇ!"

"ಪಾಸಾ? ನಿನ್ನ ನೆಲಮಾಳಿಗೆ ಕೋಣೆ?"

"ಆ ಕೋಣೇಲಿ ನನ್ನ ಗಂಡ ಲೈಲ್ ಆಟದ ರೈಲು ಹಳಿ ಹಾಕ್ಕೊಂಡಿದಾನೆ. ಎರಡು ಸುರಂಗ, ಒಂದು ಸೇತುವೆ. ತೆಗಿ ಅಂದಿದ್ದಕ್ಕೆ ಒಂದು ವಾರ ಊಟ ಬಿಟ್ಟ." ಆರ್ಡಿಸ್ ಕನ್ನಡಕ ತೆಗೆದು ಒರೆಸಿಕೊಂಡಳು; ಅದಕ್ಕೆ ಮಂಜು ಹಿಡಿದಿರಲಿಲ್ಲ ಆಗ. "ಹನ್ನೊಂದು ದಿನ ನಿನ್ನ ಉಸಿರು ಗೊರಗುಟ್ಟೋದು ಕೇಳ್ತಾ ಕೂತಿದ್ದೆ ವಾನೀ. ನೀನು ಇಲ್ಲಿ ಇರು, ಬೇಡ ಅನ್ನಲ್ಲ. ಆದ್ರೆ ಬೆಚ್ಚಗಿದೀಯ ಅಂತ ನಂಗೆ ಗೊತ್ತಾಗ್ಬೇಕಿತ್ತು. ಬಾಯಿ ಮಾತಲ್ಲಿ ಅಲ್ಲ."

ಲವಾನ್ ಟವೆಲ್ ಎತ್ತಿಕೊಂಡು ಹಿಂಡಿದಳು. ಒಂದು ಲೋಟದಷ್ಟು ನೀರು ಮರಳಿಗೆ ಇಳಿಯಿತು. "ನೋಡು," ಎಂದಳು. "ಇಷ್ಟೂ ನಾವಿಬ್ರೂ ರಾತ್ರಿ ಆಡಿದ ಮಾತು." ಇಬ್ಬರೂ ನಗಲು ಶುರುಮಾಡಿದರು. ಎಪ್ಪತ್ತು ದಾಟಿದ ಇಬ್ಬರು ಹೆಂಗಸರು ಒದ್ದೆ ಟವೆಲಿನ ಎರಡು ತುದಿ ಹಿಡಿದು, ಹಿಂಡುತ್ತ, ನಿಲ್ಲಲಾರದೆ ನಗುತ್ತಿದ್ದುದನ್ನು ನೋಡಿ ನಾವು ಮೊದಲು ಸಭ್ಯರಾಗಿ ಬೇರೆ ಕಡೆ ತಿರುಗಿದೆವು, ಆಮೇಲೆ ನಾವೂ ನಕ್ಕೆವು.

ವೆಂಡೆಲ್ ನಗಲಿಲ್ಲ. ಅವನು ಏಣಿ ಇಳಿದು, ನಾಲ್ಕೂ ಕೊಳವೆಗಳನ್ನು ಹಿಡಿದುಕೊಂಡು, ಆಗಲೇ ಬಳಸಿದ ಹನ್ನೊಂದರ ಬಗ್ಗೆ ಯೋಚಿಸುತ್ತ ನಿಂತಿದ್ದ. ನೋರೀನ್ ಮಾತ್ರ ಹೆಣಿಗೆ ಮಡಚಿಟ್ಟು, ನೇರ ತಮ್ಮ ಬಸ್ಸಿಗೆ ನಡೆದಳು. ಸ್ವಲ್ಪ ಹೊತ್ತಿಗೆ ಟೇಪು ಕಿತ್ತುಬರುವ ಸದ್ದು ಕೇಳಿಸಿತು. ಪರ್ರ್ ಎಂದು, ಉದ್ದಕ್ಕೆ, ಬಹಳ ಸಂತೋಷದಿಂದ.

ಮೂರನೆಯ ರಾತ್ರಿಯೇ ನಿರ್ಣಾಯಕ ಎಂದು ಎಲ್ಲರೂ ಒಪ್ಪಿದೆವು. ಕೌದಿ ಬಿಸಿಲಲ್ಲಿ ಮೂರು ಗಂಟೆ ಒಣಗಿ ರೊಟ್ಟಿಯ ಹಾಗೆ ಗರಿಗರಿಯಾಗಿತ್ತು. ಗಾಳಿ ನಿಂತಿತ್ತು, ಚಳಿ ಮಾತ್ರ ಹಿಂದಿನ ದಿನಕ್ಕಿಂತ ಒಂದು ಕೈ ಮೇಲು. ಆರ್ಡಿಸ್ ಸಂಜೆ ಎಲ್ಲರ ಎದುರಿಗೆ ತನ್ನ ಕೈಚೀಲದಿಂದ ಟವೆಲುಗಳನ್ನೆಲ್ಲ ತೆಗೆದು ನನ್ನ ವಶಕ್ಕೆ ಕೊಟ್ಟು, ರಸೀದಿಗೆ ಸಹಿ ಹಾಕಿಸಿಕೊಂಡಳು. ಲವಾನ್ ಬೀನ್ಸ್ ಬೇಯಿಸಿ, ಚೀಲ ತುಂಬಿ, ಹೀಟರ್ ಆರಿಸಿ, ತಿರುಪನ್ನು ಎರಡು ಬೆರಳಿಗೆ ತಿರುಗಿಸಿದಳು.

ಬೆಳಗ್ಗೆ ಏಳಕ್ಕೆ ಇಡೀ ಬಯಲು ಹತ್ತು ಹೆಜ್ಜೆ ದೂರದಲ್ಲಿ, ಕಾಫಿ ಲೋಟ ಹಿಡಿದು, ಉಗಿ ಬಿಡುತ್ತ ನಿಂತಿತ್ತು. ಬಕೆಟ್ಟುಗಳೆಲ್ಲ ಕಲ್ಲು. ಲವಾನ್ ಹೊರಗೆ ಬಂದಳು, ಒಬ್ಬಳೇ.

"ಏನಂದ್ಲು?" ಎಂದೆ.

"ಏನೂ ಅಂದಿಲ್ಲ. ಮಲಗಿದಾಳೆ."

ಎಂಟಾಯಿತು. ಬಿಸಿಲು ದೊಡ್ಡ ಕಿಟಕಿಗೆ ಬಂತು. ಲವಾನ್ ಒಮ್ಮೆ ಒಳಗೆ ಇಣುಕಿ ಬಂದಳು. ಕೈ ಏಪ್ರನ್ನಿನಲ್ಲಿ ಒರೆಸಿದ್ದೇ ಒರೆಸಿದ್ದು. "ಎಬ್ಬಿಸಿದೆ. 'ಹೂಂ' ಅಂದು ಆ ಕಡೆ ತಿರುಗಿದ್ಲು." ಎಂಟೂವರೆಗೆ ಹಸಿರು ಪಟ್ಟೆಯವನು, ಬದುಕಿದ್ದಾಳೆ ತಾನೆ ಎಂದು ಕೇಳಿ ಎಲ್ಲರಿಂದ ಬೈಸಿಕೊಂಡ. ಒಂಬತ್ತಕ್ಕೆ ವೆಂಡೆಲ್ ಕುರ್ಚಿ ತಂದು ಕೂತ. ಪಕ್ಕದಲ್ಲಿ ನೋರೀನ್; ಬಾಚಿದ ತಲೆಗೂದಲು ಒಣಗಿ, ಅಲೆಅಲೆಯಾಗಿ ನಿಂತಿತ್ತು. ಅವಳಿಗೆ ಅಷ್ಟು ಕೂದಲಿದೆಯೆಂದು ನಮಗೆ ಗೊತ್ತೇ ಇರಲಿಲ್ಲ.

ಒಂಬತ್ತೂಕಾಲಿಗೆ ಒಳಗಿನಿಂದ ಆರ್ಡಿಸಳ ಧ್ವನಿ ಬಂತು, ಕೌದಿಯ ಅಡಿಯಿಂದ ಬರುವ ಮಂದ ಧ್ವನಿ: "ವಾನೀ, ನನ್ನ ಫೋನ್ ಕೊಡು."

"ಮೊದ್ಲು ಹೇಳೇ! ಚಳಿ ಆಯ್ತಾ, ಇಲ್ವಾ?"

"ಫೋನ್ ಕೊಡು ಅಂದೆ."

ಲವಾನ್ ಕೊಟ್ಟಳು. ತಗಡಿನ ಗೋಡೆ ಎಷ್ಟು ದಪ್ಪ ಇದ್ದೀತು, ನಮಗೆಲ್ಲ ಕೇಳಿಸಿತು. ಬಿಸ್ಮಾರ್ಕ್‌ಗೆ ಕರೆ.

"ಲೈಲ್, ನಾನು. ಹಾಂ, ಅಲ್ಲಿ ಎಷ್ಟು ಹಿಮ? ಬಾಗಿಲು ತೆಗೆಯೋಕೆ ಆಗ್ತಿಲ್ವಾ? ಸರಿ. ಇಲ್ಲ, ಚಳಿ ಆಗ್ಲಿಲ್ಲ. ಒಂದು ಚೂರೂ ಆಗ್ಲಿಲ್ಲ. ಬೆಚ್ಚಗಿದೀನಿ... ಲೈಲ್, ಬೆಚ್ಚಗೆ ಅಂದ್ರೆ ಬೆಚ್ಚಗೆ, ಎಷ್ಟು ಸಲ ಹೇಳ್ಲಿ! ನಿನ್ನ ರೈಲು ಅಲ್ಲೇ ಇರ್ಲಿ, ಹಳಿ ಕೀಳ್ಬೇಡ. ಅಳ್ತಿದೀಯಾ? ಅಳ್ಬೇಡ. ನಾಳೆ ವಿಮಾನನಿಲ್ದಾಣಕ್ಕೆ ಬರ್ಬೇಡ ನೀನು. ಇಲ್ಲ, ನಾಳೆ ಬರಲ್ಲ. ಯಾಕಂದ್ರೆ ತಪಾಸಣೆ ಇನ್ನೂ ಮುಗಿದಿಲ್ಲ. ಎರಡನೇ ರಾತ್ರಿ ಅಸಿಂಧು ಆಯ್ತಲ್ಲ. ನಿಯಮ ಅಂದ್ರೆ ನಿಯಮ, ಮೂರು ರಾತ್ರಿ ಸಾಲಾಗಿ ಆಗ್ಬೇಕು. ಬರೋ ವಾರ... ಇಲ್ಲ, ಅದರ ಆಚೆ ವಾರ ಅನ್ಕೋ."

ಬಾಗಿಲ ಮೆಟ್ಟಿಲ ಮೇಲೆ ಲವಾನ್ ಕೂತುಬಿಟ್ಟಳು. ಏಪ್ರನ್ನಿನಿಂದ ಒಂದು ಸಲ ಮುಖ ಒರೆಸಿಕೊಂಡಳು, ಒಂದು ಸಲ ಮೂಗು. ಆಮೇಲೆ ಎದ್ದು ಒಳಗೆ ಹೋಗಿ ದೊಡ್ಡ ಪಾತ್ರೆ ಒಲೆಗಿಟ್ಟಳು. ಹಿಟ್ಟು ಕಲಸುವ ಸದ್ದು ಶುರುವಾಯಿತು. ನಲವತ್ತು ಗಾಡಿಯವರಿಗೂ ಸಾಲುವಷ್ಟು.

"ಆರ್ಡೀ, ಏಳ್ತೀಯೋ ಇಲ್ಲ ನೀರು ಹೊಯ್ಯಲೋ? ಜನ ಕಾಯ್ತಿದಾರೆ!"

"ಅವರೆಲ್ಲ ಕೂರ್ಲಿ," ಎಂದಿತು ಕೌದಿ. "ಇನ್ನೊಂದು ಹತ್ತು ನಿಮಿಷ."